ನೀಲಿ ಚಂದ್ರನಲ್ಲಿ ಒಮ್ಮೆ ಅಂತೆ!

ನಿನ್ನೆ ರಾತ್ರಿ ಅಮ್ಮನ ಜೊತೆ ಕೂತು ಕನ್ನಡಕ್ಕೆ ಡಬ್ ಆದ ಸಿನಿಮಾವೊಂದನ್ನು ನೋಡುತ್ತಿದ್ದೆ. ವಯಸ್ಸಾದ ತಾಯಿಯೊಬ್ಬಳು ಕಿಟಕಿ ಪಕ್ಕ ಕೂತು ಹೇಳುತ್ತಾಳೆ: "ಮಗ ನೀಲಿ ಚಂದ್ರನಲ್ಲಿ ಒಮ್ಮೆ ಫೋನ್ ಮಾಡುತ್ತಾನೆ."

ಅಮ್ಮ ನನ್ನ ಕಡೆ ತಿರುಗಿ, "ಏನಂದ್ಲು ಅವಳು? ಚಂದ್ರನಿಗೂ ಫೋನಿಗೂ ಏನು ಸಂಬಂಧ?" ಅಂದಳು.

ಮೈ ಉರಿದುಹೋಯಿತು. ಅನುವಾದವೇ ನನ್ನ ಹೊಟ್ಟೆಪಾಡು ಅಂತ ನಿಮಗೆಲ್ಲ ಗೊತ್ತಲ್ಲ. 'ಒನ್ಸ್ ಇನ್ ಎ ಬ್ಲೂ ಮೂನ್' ಅಂದರೆ ತೀರಾ ಅಪರೂಪಕ್ಕೆ. ಅಷ್ಟೇ. "ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದ್ಸಲ ಫೋನ್ ಮಾಡ್ತಾನೆ" ಅನ್ನೋಕೆ ಏನು ಕಷ್ಟ? ನಮ್ಮ ಮಾತಲ್ಲೂ ಚಂದ್ರ ಇದ್ದಾನೆ. ಬಾಯಿಗೆ ಬರುವಷ್ಟು ಹತ್ತಿರದಲ್ಲೇ ಇದ್ದಾನೆ.

ಅಸಲಿಗೆ ಬ್ಲೂ ಮೂನ್ ಅನ್ನುವ ಹುಣ್ಣಿಮೆ ನೀಲಿಯೇ ಅಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ. ಹಾಗಾಗಿ ಎರಡೂವರೆ ವರ್ಷಕ್ಕೋ ಮೂರು ವರ್ಷಕ್ಕೋ ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬರುತ್ತವೆ. 2023ರ ಆಗಸ್ಟ್‌ನಲ್ಲಿ ಬಂದಿತ್ತು. ಈ ಎರಡನೆಯದನ್ನು ಬ್ಲೂ ಮೂನ್ ಅನ್ನುವುದೂ ಒಂದು ತಪ್ಪು ಓದಿನಿಂದ ಬಂದದ್ದು. ಅಮೆರಿಕದ ಮೇನ್ ರಾಜ್ಯದ ರೈತರ ಪಂಚಾಂಗವೊಂದರಲ್ಲಿ, ಅಲ್ಲಿನ ಮೂರು ತಿಂಗಳ ಒಂದು ಋತುವಿಗೆ ನಾಲ್ಕು ಹುಣ್ಣಿಮೆ ಬಿದ್ದರೆ ಮೂರನೆಯದಕ್ಕೆ ಆ ಹೆಸರಿತ್ತು. 1946ರಲ್ಲಿ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯ ಲೇಖನವೊಂದು ಅದನ್ನು ತಪ್ಪಾಗಿ ತಿಳಿದು ಬರೆಯಿತು. 1999ರಲ್ಲಿ ಅದೇ ಪತ್ರಿಕೆ ತಪ್ಪು ಒಪ್ಪಿಕೊಂಡರೂ ಜನ ಬಿಡಲಿಲ್ಲ. ಒಮ್ಮೆ ಬೇರು ಬಿಟ್ಟ ತಪ್ಪನ್ನು ಕೀಳುವುದು ಇಷ್ಟು ಕಷ್ಟ. 'ನೀಲಿ ಚಂದ್ರನಲ್ಲಿ ಒಮ್ಮೆ' ಕೂಡ ಹೀಗೇ ನಿಂತುಬಿಟ್ಟರೆ ಅನ್ನೋದೇ ನನ್ನ ಭಯ.

ಭಾಷೆ ಬೆಳೆಯೋದೇ ಹೀಗೆ, 'ಮೊಸಳೆ ಕಣ್ಣೀರು' ಕೂಡ ಇಂಗ್ಲಿಷಿಂದ ಬಂತಲ್ವಾ ಅಂತ ಯಾರಾದರೂ ಕೇಳಬಹುದು. ಬಂತು, ನಿಜ. ಆದರೆ ಮೊಸಳೆ ನಮಗೆ ಗೊತ್ತು, ಕಣ್ಣೀರೂ ಗೊತ್ತು. ಕೇಳಿದ ತಕ್ಷಣ ಅರ್ಥ ಆಗುತ್ತದೆ. ನೀಲಿ ಚಂದ್ರ ಹಾಗಲ್ಲ. ಅದರ ಅರ್ಥ ತಿಳಿಯೋಕೆ ಮೊದಲು ಇಂಗ್ಲಿಷ್ ಬರಬೇಕು. ಇಂಗ್ಲಿಷ್ ಬರುವವರಿಗೆ ಡಬ್ಬಿಂಗ್ ಯಾಕೆ ಬೇಕು?

ಹೇಳಿಬಿಡುತ್ತೇನೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ 'ಹನ್ನೊಂದನೇ ಗಂಟೆಯಲ್ಲಿ ಬಂದ' ಅಂತ ಬರೆದಿದ್ದೆ. 'ಕೊನೇ ಗಳಿಗೆಯಲ್ಲಿ' ಅಂತಾಗಬೇಕಿತ್ತು. ಅದು ಹಾಗೇ ಅಚ್ಚಾಯಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಅಮ್ಮ ಆ ಚಂದ್ರನ ಯೋಚನೆಯಲ್ಲೇ ಇದ್ದಾಗ ಮುಂದಿನ ದೃಶ್ಯ ಬಂದುಹೋಯಿತು. "ಆಯಮ್ಮ ಯಾಕೆ ಅಳ್ತಿದಾಳೆ?" ಅಂತ ಕೇಳಿದಳು. ನಾನು ಹಿಂದಕ್ಕೆ ಓಡಿಸಿ, ಸೌಂಡ್ ಪೂರ್ತಿ ನಿಲ್ಲಿಸಿ, ಆ ಸಾಲನ್ನು ನಾನೇ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಸೆರಗಲ್ಲಿ ಕಣ್ಣೊರೆಸಿಕೊಂಡಳು.