ನಾಚುವವಳಿಗೆ ಅಭಿನಯ ಬರುವುದಿಲ್ಲ ಎಂದವರು ಯಾರು?

ಇದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಇಂದು ಸಂಜೆ ರಾಜ್ಯೋತ್ಸವದ ನಾಟಕಕ್ಕೆ ಪಾತ್ರಧಾರಿಗಳನ್ನು ಆರಿಸುತ್ತಿದ್ದರು. ಪುಣೆಯ ಕೊಥ್ರೂಡ್‌ನ ನಮ್ಮ ಪಕ್ಕದ ಮನೆಯ ಹುಡುಗಿ, ಒಂಬತ್ತನೆಯ ತರಗತಿಯವಳು, ನನ್ನ ಜೊತೆ ಬಂದಿದ್ದಳು. ಹೆಸರು ಕೇಳಿದಾಗ ಅವಳ ದನಿ ಗಂಟಲಲ್ಲೇ ಉಳಿಯಿತು. ಅಷ್ಟಕ್ಕೇ ನಿರ್ದೇಶಕರು, "ಆತ್ಮವಿಶ್ವಾಸವೇ ಇಲ್ಲದವರಿಗೆ ನಾಟಕ ಒಗ್ಗುವುದಿಲ್ಲಮ್ಮಾ" ಎಂದು ಮುಂದಿನವರನ್ನು ಕರೆದರು. ಒಂದೇ ಒಂದು ಸಾಲನ್ನೂ ಓದಿಸಲಿಲ್ಲ!

ನಾಚಿಕೆ ಒಂದು ಸ್ವಭಾವ. ತನ್ನ ಕೆಲಸ ತನಗೆ ಗೊತ್ತು ಎನ್ನುವ ಧೈರ್ಯ ಬೇರೆಯೇ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಏಕೆ ತೂಗುತ್ತಾರೆ?

ಶ್ರೀದೇವಿಯನ್ನು ನೆನಪಿಸಿಕೊಳ್ಳಿ. ನಾಲ್ಕನೆಯ ವಯಸ್ಸಿಗೇ ಕ್ಯಾಮೆರಾ ಮುಂದೆ ನಿಂತವರು, ಆದರೂ ಸಂಕೋಚದ ಹೆಂಗಸೆಂದೇ ಹೆಸರಾಗಿದ್ದರು. ಆ ಸಂಕೋಚದವರೇ 1987ರ 'ಮಿಸ್ಟರ್ ಇಂಡಿಯಾ'ದಲ್ಲಿ ಚಾಪ್ಲಿನ್ ವೇಷ ತೊಟ್ಟು ಜೂಜುಕೋಣೆಯಲ್ಲಿ ಎಬ್ಬಿಸಿದ ಗದ್ದಲವನ್ನು ಯಾರು ಮರೆತಾರು? ಹಿಂದಿ ಸರಾಗವಾಗಿ ಬಾರದ ದಿನಗಳಲ್ಲಿ ಅವರ ಪಾತ್ರಗಳಿಗೆ ಬೇರೆಯವರು ಕಂಠ ಕೊಟ್ಟರು. 1986ರ 'ಆಖ್ರೀ ರಾಸ್ತಾ'ದಲ್ಲಿ ಕೇಳುವುದು ರೇಖಾ ಅವರ ದನಿ. ಹಿಂದಿಯಲ್ಲಿ ಸ್ವಂತ ದನಿ ಕೇಳಿಸಿದ 1989ರ 'ಚಾಂದನಿ'ಯ ಹೊತ್ತಿಗೆ ಅವರು ತಾರೆಯಾಗಿ ವರ್ಷಗಳಾಗಿದ್ದವು.

ಕೊನೆಯ ಸಾಲಿನಲ್ಲಿ ಕೂತ ಪ್ರೇಕ್ಷಕರವರೆಗೂ ಮಾತು ಮುಟ್ಟಬೇಡವೇ ಎಂದು ಕೇಳುತ್ತೀರಿ. ಮುಟ್ಟಬೇಕು, ಒಪ್ಪಿದೆ. ಅದು ಉಸಿರಿನ ಅಭ್ಯಾಸ, ತಾಲೀಮಿನಲ್ಲಿ ಕಲಿಸುವಂಥದ್ದು. ಕಲಿಸುವವರಿಗೆ ತಾಳ್ಮೆ ಇಲ್ಲದ ಮಾತ್ರಕ್ಕೆ ಮಗುವಿನಲ್ಲಿ ಏನೋ ಕೊರತೆಯಿದೆ ಎನ್ನುವುದು ಅನ್ಯಾಯ.

ನನಗೇಕೆ ಇಷ್ಟು ಸಿಟ್ಟು ಎಂದು ಧಾರವಾಡದ ಗೆಳತಿಯರಿಗೆ ತಿಳಿದಿದೆ. ಮದುವೆಯಾಗಿ ಪುಣೆಗೆ ಬಂದ ಮೊದಲ ವರ್ಷವಿಡೀ ಮಂಡಈ ಮಾರುಕಟ್ಟೆಯಲ್ಲಿ ತರಕಾರಿಯನ್ನು ಬೆರಳು ತೋರಿಸಿ ಕೊಂಡವಳು ನಾನು. ಮರಾಠಿ ತಪ್ಪಾದೀತೆಂದು ಬಾಯಿಯೇ ತೆರೆಯುತ್ತಿರಲಿಲ್ಲ. ಅದೇ ವರ್ಷ ಮನೆಯ ಲೆಕ್ಕವನ್ನೆಲ್ಲ ಒಬ್ಬಳೇ ನಿಭಾಯಿಸಿದೆ, ಅದು ಯಾರ ಕಣ್ಣಿಗೂ ಬೀಳಲಿಲ್ಲ. 2012ರಲ್ಲಿ 'ಇಂಗ್ಲಿಷ್ ವಿಂಗ್ಲಿಷ್' ಬಂದಾಗ, ಹದಿನೈದು ವರ್ಷಗಳ ನಂತರ ಹಿಂದಿ ಚಿತ್ರದ ನಾಯಕಿಯಾಗಿ ಮರಳಿದ್ದ ಶ್ರೀದೇವಿ ಇದೇ ಪುಣೆಯ ಗೃಹಿಣಿ ಶಶಿಯಾಗಿದ್ದರು. ಲಾಡು ಮಾಡಿ ಮಾರುವ ಶಶಿ, ಮಗಳ ಶಾಲೆಯಲ್ಲಿ ಇಂಗ್ಲಿಷ್ ಬಾರದೆ ಕುಗ್ಗುವ ಶಶಿ. ಚಿತ್ರಮಂದಿರದ ಕತ್ತಲಲ್ಲಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ತಡವರಿಕೆಯನ್ನು ಅಷ್ಟು ನಿಖರವಾಗಿ ತೋರಿಸಲು ನಾಚಿಕೆ ಏನೆಂಬುದು ಒಳಗಿನಿಂದ ತಿಳಿದಿರಬೇಕು.

ಮನೆಗೆ ಮರಳುವಾಗ ರಿಕ್ಷಾದಲ್ಲಿ ಹುಡುಗಿ, "ಕಾಕು, ನನಗೆ ಎಲ್ಲರ ಮಾತುಗಳೂ ಬಾಯಿಪಾಠ ಬಂದಿವೆ" ಎಂದಳು. ಪಿಸುದನಿಯಲ್ಲೇ ಮೊದಲ ದೃಶ್ಯವನ್ನು ಪೂರ್ತಿ ಹೇಳಿದಳು. ಅಜ್ಜಿಯ ಪಾತ್ರ ಬಂದಾಗ ಬೆನ್ನು ಬಾಗಿಸಿದಳು, ಗೌಡರ ಪಾತ್ರಕ್ಕೆ ಹುಬ್ಬು ಏರಿಸಿದಳು. ಬರುವ ಭಾನುವಾರ ಅವಳನ್ನು ಮತ್ತೆ ಕರೆದುಕೊಂಡು ಹೋಗುತ್ತೇನೆ. ಒಂದು ದೃಶ್ಯ ಓದಿಸುವವರೆಗೆ ಅಲ್ಲಿಂದ ಏಳುವುದಿಲ್ಲ.