ಕೋಡಿಂಗ್ ಕಲಿಯುವವರಿಗೆ ಯಾವ ಪುಸ್ತಕ ಕೊಡಿಸಬೇಕು?

ಪಿಯುಸಿ ಮುಗಿಸಿ ಬಿಸಿಎ ಅಥವಾ ಎಂಜಿನಿಯರಿಂಗ್ ಸೇರುವ ಮಕ್ಕಳ ತಂದೆತಾಯಿಯರು ಚಿಕ್ಕಮಗಳೂರಿನಲ್ಲಿ ನನ್ನನ್ನು ಕೇಳುವ ಪ್ರಶ್ನೆ ಬಹುಪಾಲು ಒಂದೇ: ವೆಬ್ ಡಿಸೈನ್ ಮತ್ತು ಪ್ರೋಗ್ರಾಮಿಂಗ್ ಕಲಿಯಲು ಯಾವ ಪುಸ್ತಕ ಕೊಡಿಸೋಣ? ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಡಲಾಗದು ಎಂಬುದು ನನ್ನ ಅಭಿಪ್ರಾಯ. ಪ್ರೋಗ್ರಾಮಿಂಗ್‌ನ ಮೂಲ ತಿಳಿವಳಿಕೆ ಬಹಳ ಕಾಲ ಬಾಳುತ್ತದೆ. ವೆಬ್ ಪುಟ ಕಟ್ಟುವ ವಿಧಾನ ಬೇಗ ಹಳೆಯದಾಗುತ್ತದೆ. ಆದ್ದರಿಂದ ಮೊದಲನೆಯದಕ್ಕೆ ಧಾರಾಳವಾಗಿ ದುಡ್ಡು ಹಾಕಬಹುದು, ಎರಡನೆಯದಕ್ಕೆ ಹಾಕುವ ಮುನ್ನ ಮುದ್ರಣದ ವರ್ಷವನ್ನು ನೋಡಲೇಬೇಕು.

ಬಾಳಿಕೆಗೆ ಉದಾಹರಣೆ ಬೇಕಿದ್ದರೆ ಕರ್ನಿಗನ್ ಮತ್ತು ರಿಚಿ ಬರೆದ 'ದಿ ಸಿ ಪ್ರೋಗ್ರಾಮಿಂಗ್ ಲಾಂಗ್ವೇಜ್' ಇದೆ. 1978ರಲ್ಲಿ ಬಂದ ಈ ಪುಸ್ತಕದ ಎರಡನೆಯ ಆವೃತ್ತಿ 1988ರದು, ಮುನ್ನೂರು ಪುಟವೂ ಇಲ್ಲ, ಆದರೂ ಇಂದಿಗೂ ಓದಲು ಯೋಗ್ಯವಾಗಿದೆ. ಹಾಗೆಂದು ಮೊದಲ ಪುಸ್ತಕವಾಗಿ ಅದನ್ನು ಯಾರಿಗೂ ಹೇಳಲಾರೆ, ಏಕೆಂದರೆ ಓದುವವನಿಗೆ ಪ್ರೋಗ್ರಾಮಿಂಗ್ ಈಗಾಗಲೇ ಸ್ವಲ್ಪ ಗೊತ್ತಿದೆ ಎಂದುಕೊಂಡೇ ಅದು ಆರಂಭವಾಗುತ್ತದೆ. ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಬಾಲಗುರುಸ್ವಾಮಿಯವರ ಪುಸ್ತಕವಾಗಲಿ ಕಾನೇಟ್ಕರ್ ಅವರ 'ಲೆಟ್ ಅಸ್ ಸಿ'ಯಾಗಲಿ ಪರೀಕ್ಷೆಗೆ ಸಾಕು. ಹಳೆಯ ಆವೃತ್ತಿಯನ್ನು ಅಣ್ಣನಿಂದ ತಮ್ಮನಿಗೆ ದಾಟಿಸುವಾಗ ಮಾತ್ರ ಎಚ್ಚರ ಬೇಕು: ಟರ್ಬೊ ಸಿ ಎಂಬ ಹಳೆಯ ತಂತ್ರಾಂಶದ ಕಾಲದ ಪ್ರೋಗ್ರಾಮುಗಳನ್ನು ಹಾಗೆಯೇ ಟೈಪ್ ಮಾಡಿದರೆ ಇಂದಿನ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಎರರ್ ತೋರಿಸುತ್ತದೆ, ಹುಡುಗರು ತಮಗೇ ಬುದ್ಧಿ ಸಾಲದೆಂದು ಕೈಬಿಡುತ್ತಾರೆ.

ಮೊದಲ ಪುಸ್ತಕವಾಗಿ ನನ್ನ ಆಯ್ಕೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸುವ, ಆಲ್ ಸ್ವೈಗಾರ್ಟ್ ಅವರ 'ಆಟೊಮೇಟ್ ದಿ ಬೋರಿಂಗ್ ಸ್ಟಫ್ ವಿತ್ ಪೈಥಾನ್'. ಲೇಖಕರು ಅದನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಓದಲು ಇಟ್ಟಿದ್ದಾರೆ. ಇಂಗ್ಲಿಷ್ ಸರಳವಾಗಿರುವುದರಿಂದ ಕನ್ನಡ ಮಾಧ್ಯಮದಿಂದ ಬಂದವರೂ ನಿಘಂಟಿನ ಹಂಗಿಲ್ಲದೆ ಮುಂದೆ ಸಾಗಬಹುದು. ಫೈಲುಗಳನ್ನು ಜೋಡಿಸುವುದು, ಎಕ್ಸೆಲ್ ಹಾಳೆಯಿಂದ ಲೆಕ್ಕ ತೆಗೆಯುವುದು ಮುಂತಾದ ದಿನನಿತ್ಯದ ಕೆಲಸಗಳೇ ಅದರ ಪಾಠಗಳು. ಅಲ್ಲಿನ ಉದಾಹರಣೆಗಳನ್ನು ಮುಗಿಸಿದ ಮೇಲೆ ಮನೆಯ ಲೆಕ್ಕವನ್ನೇ ಕೈಗೆತ್ತಿಕೊಳ್ಳಿ ಎನ್ನುತ್ತೇನೆ. ನಮ್ಮ ಕಡೆ ಕಾಫಿ ತೋಟವಿರುವ ಮನೆಗಳಲ್ಲಿ ಮಳೆಯ ಲೆಕ್ಕವನ್ನು ಇಂಚು ಮತ್ತು ಸೆಂಟ್ಸ್‌ನಲ್ಲಿ ಬರೆದಿಟ್ಟ ಪುಸ್ತಕಗಳು ಸಿಗುತ್ತವೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಆ ಅಂಕಿಗಳನ್ನು ಟೈಪ್ ಮಾಡಿ, ತಿಂಗಳುವಾರು ಮೊತ್ತ ತೆಗೆದು, ಯಾವ ವರ್ಷ ಹೂಮಳೆ ತಡವಾಯಿತೆಂದು ಹುಡುಕುವ ಪ್ರೋಗ್ರಾಮನ್ನು ತಾನೇ ಬರೆದವನಿಗೆ ಲೂಪ್ (ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡಿಸುವ ಆಜ್ಞೆ) ಎಂದರೇನೆಂದು ಮತ್ತೆ ವಿವರಿಸಬೇಕಾಗಿಲ್ಲ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಮನೆಯ ಹಿರಿಯರೇ ಹೇಳಿಬಿಡುತ್ತಾರೆ!

ವೆಬ್ ಡಿಸೈನ್ ಎಂದೊಡನೆ ಎಲ್ಲರೂ ಹೆಸರಿಸುವುದು ಜಾನ್ ಡಕೆಟ್ ಅವರ 'ಎಚ್‌ಟಿಎಂಎಲ್ ಅಂಡ್ ಸಿಎಸ್‌ಎಸ್'. ಪುಟ ಪುಟವೂ ಬಣ್ಣದಲ್ಲಿದ್ದು ನೋಡಿದರೆ ಕೊಳ್ಳಬೇಕೆನಿಸುವ ಪುಸ್ತಕವದು; ಟ್ಯಾಗುಗಳ (ಪುಟದ ಭಾಗಗಳನ್ನು ಗುರುತಿಸುವ ಸಂಕೇತಗಳ) ಪರಿಚಯಕ್ಕೆ ಈಗಲೂ ಅದನ್ನು ಮೆಚ್ಚುತ್ತೇನೆ. ಆದರೆ ಅದು 2011ರದು. ಅದರಲ್ಲಿ, ವೆಬ್ ಪುಟದಲ್ಲಿ ಅನಿಮೇಶನ್, ವಿಡಿಯೊ ತೋರಿಸಲು ಬಳಸುತ್ತಿದ್ದ ಫ್ಲ್ಯಾಶ್ ಬಗ್ಗೆ ಪಾಠವಿದೆ. ಆ ಫ್ಲ್ಯಾಶ್‌ಗೆ ಅಡೋಬಿ ಸಂಸ್ಥೆ 2020ರ ಕೊನೆಗೆ ತೆರೆ ಎಳೆಯಿತು. ಪುಟದ ಭಾಗಗಳನ್ನು ಅಕ್ಕಪಕ್ಕ ಕೂರಿಸಲು ಅದು ಫ್ಲೋಟ್ ವಿಧಾನವನ್ನು ಕಲಿಸುತ್ತದೆ, ಇಂದು ಆ ಕೆಲಸವನ್ನು ಫ್ಲೆಕ್ಸ್‌ಬಾಕ್ಸ್ ಮತ್ತು 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆ ಬಂದ ಗ್ರಿಡ್ ಮಾಡುತ್ತವೆ. ಲೈಬ್ರರಿಯಲ್ಲಿ ಸಿಕ್ಕರೆ ಅರ್ಧ ಓದಿ, ಲೇಔಟ್ ಬಂದಾಗ ಮುಚ್ಚಿಟ್ಟು, ಉಚಿತವಾಗಿರುವ ಎಂಡಿಎನ್ ಎಂಬ ವೆಬ್ ಕಲಿಕೆಯ ಜಾಲತಾಣದ ಪಾಠಗಳಿಗೆ ಹೋಗುವುದು ಒಳ್ಳೆಯದು. ವೆಬ್ ಪುಟಕ್ಕೆ ಚಲನೆ ಕೊಡುವ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಮರೈನ್ ಹಾವರ್‌ಬೆಕೆ ಅವರ 'ಎಲೊಕ್ವೆಂಟ್ ಜಾವಾಸ್ಕ್ರಿಪ್ಟ್' ಕೂಡ ಅಂತರ್ಜಾಲದಲ್ಲಿ ಉಚಿತ, ಆದರೆ ಕಠಿಣ. ಪೈಥಾನ್ ಕೈಹತ್ತಿದ ಮೇಲೆ ಅದನ್ನು ತೆರೆಯಬೇಕು.

ಈ ಪುಸ್ತಕಗಳಿಂದ ಕಲಿತವರೂ ಕನ್ನಡದ ಪುಟವನ್ನು ಮಾಡುವಾಗ ಎಡವುತ್ತಾರೆ. ಇಂಗ್ಲಿಷ್‌ಗೆ ಹೊಂದುವಂತೆ ಸಾಲುಗಳ ಅಂತರವನ್ನು ಬಿಗಿಗೊಳಿಸಿದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. 'ಚಿಕ್ಕಮಗಳೂರು' ಎಂಬ ಹೆಸರಿನಲ್ಲಿ ನಮ್ಮ ಕಣ್ಣಿಗೆ ಆರು ಅಕ್ಷರಗಳಿದ್ದರೆ, ಸ್ವರಚಿಹ್ನೆ ಮತ್ತು ವಿರಾಮಗಳನ್ನು (ಒತ್ತಕ್ಷರ ಕೂಡಿಸುವ ಅರ್ಧಾಕ್ಷರ ಚಿಹ್ನೆಗಳನ್ನು) ಯುನಿಕೋಡ್ ಎಂಬ ಲಿಪಿಸಂಕೇತ ಪದ್ಧತಿ ಬೇರೆಬೇರೆಯಾಗಿ ಎಣಿಸುವುದರಿಂದ ಜಾವಾಸ್ಕ್ರಿಪ್ಟ್ ಹನ್ನೊಂದು ಎನ್ನುತ್ತದೆ. ಫಾರ್ಮಿನಲ್ಲಿ ಹೆಸರಿಗೆ ಹತ್ತೇ ಅಕ್ಷರ ಎಂಬ ಮಿತಿ ಹಾಕಿದವರು ನಮ್ಮ ಊರಿನ ಹೆಸರನ್ನೇ ಕತ್ತರಿಸಿಬಿಡುತ್ತಾರೆ. ಆದ್ದರಿಂದ ಮೊದಲ ಪುಟವನ್ನು ಕನ್ನಡದಲ್ಲೇ ಮಾಡಿ ನೋಡಬೇಕೆಂಬುದು ನನ್ನ ಒತ್ತಾಯ. ಮಳೆ ಲೆಕ್ಕದ ಕೋಷ್ಟಕವನ್ನೇ ಪುಟವಾಗಿಸಬಹುದು.

ಕಾಗದದ ಮೇಲೆ ಕೊಂಡು ಇಟ್ಟುಕೊಳ್ಳಬಹುದಾದ ವಿನ್ಯಾಸದ ಪುಸ್ತಕ ನನ್ನ ಮಟ್ಟಿಗೆ ಒಂದೇ, ಸ್ಟೀವ್ ಕ್ರುಗ್ ಅವರ 'ಡೋಂಟ್ ಮೇಕ್ ಮಿ ಥಿಂಕ್'. ಮೊದಲು ಬಂದದ್ದು 2000ದಲ್ಲಿ. ಅದರಲ್ಲಿರುವುದು ಕೋಡ್ ಅಲ್ಲ, ಪುಟ ತೆರೆದ ಮನುಷ್ಯ ಹೇಗೆ ಕಣ್ಣಾಡಿಸುತ್ತಾನೆ, ಎಲ್ಲಿ ಗೊಂದಲಕ್ಕೊಳಗಾಗುತ್ತಾನೆ ಎಂಬ ವಿಚಾರ. ಹಾಗಾಗಿ ಬೇಗ ಹಳತಾಗುವುದಿಲ್ಲ. ಕೊಳ್ಳುವುದಾದರೆ 2014ರ ಮೂರನೆಯ ಆವೃತ್ತಿಯನ್ನು ಕೊಳ್ಳಿ, ಮೊಬೈಲ್ ಕುರಿತ ಅಧ್ಯಾಯ ಅದರಲ್ಲಿದೆ. ವೆಬ್ ಪುಟ ಕಟ್ಟಲು ನೆರವಾಗುವ ರಿಯಾಕ್ಟ್ ಮುಂತಾದ ಸಲಕರಣೆಗಳ ದಪ್ಪ ಪುಸ್ತಕಗಳಿಗೆ ಈಗಲೇ ಹಣ ಕೊಡುವುದು ಬೇಡ. ಅವುಗಳ ಅಧಿಕೃತ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿವೆ, ಮುದ್ರಿತ ಪುಸ್ತಕಕ್ಕಿಂತ ಹೊಸದಾಗಿಯೂ ಇರುತ್ತವೆ.