ಬಿಳಿಗೆ ಒಂದು ಹನಿ ನೀಲಿ

ನಾನು ಹಿಮ ಕಂಡವನಲ್ಲ. ನನ್ನ ಚಳಿ ಏನಿದ್ದರೂ ಮಾಗಿಯ ಬೆಳಿಗ್ಗೆ ಹಾಲು ತರಲು ಹೋಗುವಾಗ ಕಿವಿಗೆ ಮಫ್ಲರ್ ಸುತ್ತುವಷ್ಟು. ಆದರೂ ಮೇಜಿನೆದುರು ಗೋಡೆಯ ಮೇಲಿರುವುದು ಹಿಮದ ಚಿತ್ರ. ಹಳೇ ಕ್ಯಾಲೆಂಡರಿನದು. ವರ್ಷ ಮುಗಿದು ಎಷ್ಟೋ ಕಾಲವಾಯಿತು, ಕೀಳಲು ಮನಸ್ಸಾಗಿಲ್ಲ.

ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ‘ಮ್ಯಾಗ್‌ಪೈ’ ಅದು. 1868-69ರ ಚಳಿಗಾಲದಲ್ಲಿ, ಫ್ರಾನ್ಸಿನ ನಾರ್ಮಂಡಿ ಕಡೆಯ ಎತ್ರೆತಾ ಊರಿನ ಹತ್ತಿರ ಬರೆದದ್ದು. ಆಗ ಅವನಿಗೆ ಇಪ್ಪತ್ತೆಂಟು. ಚಿತ್ರದಲ್ಲಿ ನಡೆಯುವುದು ಏನೂ ಇಲ್ಲ. ಹಿಮ ಹೊತ್ತ ಬೇಲಿ, ಹಿಂದೆ ಮರ, ಮನೆ. ಎಡಕ್ಕೆ ನಮ್ಮ ಮಲೆನಾಡಿನ ಉಣಗೋಲಿನಂಥ ಗೇಟು. ಅದರ ಮೇಲ್ಗಡೆ ಒಂದು ಹಕ್ಕಿ, ಅದೇ ಮ್ಯಾಗ್‌ಪೈ. ನಮ್ಮ ಮಡಿವಾಳ ಹಕ್ಕಿಯ ಹಾಗೆ ಕಪ್ಪು ಬಿಳುಪು, ಆದರೆ ಇದು ಕಾಗೆ ಜಾತಿಯದು. ಅಷ್ಟು ದೊಡ್ಡ ಬಿಳುಪಿನಲ್ಲಿ ಆ ಚೂರು ಕಪ್ಪು ಇಲ್ಲದಿದ್ದರೆ ಕಣ್ಣು ಎಲ್ಲಿ ಕೂರಬೇಕು, ಹೇಳಿ?

ನನಗೆ ಹಕ್ಕಿಗಿಂತ ಜಾಸ್ತಿ ಇಷ್ಟ ಬೇಲಿಯ ನೆರಳು. ನೆರಳೆಂದರೆ ಕಪ್ಪು ಅಂದುಕೊಂಡು ಬೆಳೆದವನು ನಾನು. ಮೊನೆ ಅದಕ್ಕೆ ನೀಲಿ ಹಚ್ಚಿದ್ದಾನೆ. ಹತ್ತಿರ ಹೋಗಿ ನೋಡಿದರೆ ಹಿಮದಲ್ಲೂ ಬಿಳಿ ಕಮ್ಮಿಯೇ. ಕೆನೆ, ಹಳದಿ, ಒಂಚೂರು ಗುಲಾಬಿ. ಎರಡು ಹೆಜ್ಜೆ ಹಿಂದೆ ಬಂದರೆ ಕಣ್ಣು ಕೋರೈಸುವ ಬೆಳ್ಳನೆ ಬಿಸಿಲು.

ನಮ್ಮಮ್ಮನಿಗೆ ಈ ಗುಟ್ಟು ಗೊತ್ತಿತ್ತು. ಕೊನೇ ಬಕೆಟ್ ನೀರಿಗೆ ನಾಲ್ಕು ಹನಿ ನೀಲಿ ಬಿಟ್ಟು, ಕೈಯಾಡಿಸಿ, ಅಪ್ಪನ ಪಂಚೆ ಅದ್ದುತ್ತಿದ್ದಳು. ಬೆಳ್ಳಗಾಗಲಿ ಅಂತ ನೀಲಿ ಹಾಕೋದು! ಹದ ತಪ್ಪಿದ ದಿನ ಅಪ್ಪ ಪಂಚೆಯ ಮೇಲೆ ಮೋಡ ಉಟ್ಟುಕೊಂಡೇ ಪೇಟೆಗೆ ಹೋಗಬೇಕಿತ್ತು.

ಪ್ಯಾರಿಸ್ಸಿನ ಸಲೋನ್ ಪ್ರದರ್ಶನದವರು 1869ರಲ್ಲಿ ಈ ಚಿತ್ರವನ್ನು ಬೇಡವೆಂದರು. ಈಗ ಅದೇ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿ ಜನ ಅದರ ಮುಂದೆ ನಿಲ್ಲುತ್ತಾರೆ.

ನೆರಳು ನಿಜಕ್ಕೂ ನೀಲಿಯೇ, ಮೊನ್ನೆ ಪರೀಕ್ಷೆ ಮಾಡೇಬಿಡೋಣ ಅಂತ ತಾರಸಿಗೆ ಹೋದೆ. ಒಣಹಾಕಿದ್ದ ಪಂಚೆಯ ಮೇಲೆ ತೆಂಗಿನ ಗರಿಯ ನೆರಳು. ಬಿಸಿಲು ತಾಗದ ಕಡೆ ಬೆಳಕು ಕೊಡುವುದು ಬರೀ ಆಕಾಶ, ಅದರ ಬಣ್ಣವೇ ಅಲ್ಲಿಗೆ ಇಳಿಯುತ್ತದೆ. ಹೌದು, ನೀಲಿ! ತೆಳುವಾಗಿ, ಆದರೆ ನೀಲಿಯೇ. ಗಾಳಿಗೆ ಪಂಚೆ ಅಲುಗಿದಾಗೆಲ್ಲ ಗರಿಯೂ ಮುರಿದು ಕೂಡುತ್ತಿತ್ತು.

ಕೆಳಗಿನಿಂದ ಹೆಂಡತಿ ಕೂಗಿದಳು: “ಒಣಗಿದ್ರೆ ಮಡಚಿಕೊಂಡು ಬನ್ನಿ. ಸುಮ್ನೆ ಏನು ನೋಡ್ತಾ ನಿಂತಿದ್ದೀರಾ?”

“ಇನ್ನೂ ಸ್ವಲ್ಪ ಹಸಿ ಇದೆ” ಅಂದೆ.